ವೋಚರ್ ಇಲ್ಲದ ಸುದ್ದಿ

‘ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯನ್ನು ಹಿರಿಯರು ಯಾವ ಸಂದರ್ಭದಲ್ಲಿ ಹೇಳಿದರೋ ಏನೋ, ಅದು ಅಕ್ಷರಶಃ ಅನ್ವಯವಾಗುವ ಕಾಲ ಈಗ ಬಂದಿದೆ. ಕಣ್ಣಿಗೆ ಕಂಡ ವಿಡಿಯೋ, ಕಿವಿಗೆ ಕೇಳಿದ ಧ್ವನಿ, ಅಚ್ಚುಕಟ್ಟಾದ ಭಾಷೆಯಲ್ಲಿ ಬಂದ ವರದಿ ಇವುಗಳಲ್ಲಿ ಯಾವುದು ಮನುಷ್ಯನದು, ಯಾವುದು ಯಂತ್ರದ್ದು ಎಂದು ಹೇಳುವುದೇ ಕಷ್ಟವಾಗಿದೆ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಜನಸಾಮಾನ್ಯರ ಕೈಗೆ ಬಂತು. ಅಲ್ಲಿಂದೀಚೆಗೆ ಕೃತಕ ಬುದ್ಧಿಮತ್ತೆ, ಅಂದರೆ ಎ.ಐ., ಕಚೇರಿ, ಕಾಲೇಜು, ಕೋರ್ಟು ಎಂಬ ಭೇದವಿಲ್ಲದೆ ಎಲ್ಲ ಕಡೆಗೂ ಕಾಲಿಟ್ಟಿದೆ. ಕನ್ನಡ ಸಂಘಗಳ ಕಚೇರಿಯೂ ಇದಕ್ಕೆ ಹೊರತಲ್ಲ.

ಸಂಘದ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯನ್ನು ಮೊಬೈಲಿನಲ್ಲಿ ಯಂತ್ರಕ್ಕೆ ಉಣಿಸಿ ‘ಒಂದು ವರದಿ ಬರೆದುಕೊಡು’ ಎಂದರೆ ಸಾಕು, ಅರ್ಧ ನಿಮಿಷದಲ್ಲಿ ವರದಿ ಸಿದ್ಧ. ಸಭಾಂಗಣ ಕಿಕ್ಕಿರಿದು ತುಂಬಿರುತ್ತದೆ, ಮುಖ್ಯ ಅತಿಥಿಗಳು ನಾಡು ನುಡಿಯ ಬಗ್ಗೆ ಮನಮುಟ್ಟುವಂತೆ ಮಾತನಾಡಿರುತ್ತಾರೆ, ವಂದನಾರ್ಪಣೆಯೂ ಆಗಿರುತ್ತದೆ. ಸಮಾರಂಭ ಮಾತ್ರ ಇನ್ನೂ ಎರಡು ದಿನ ಬಿಟ್ಟು ನಡೆಯಬೇಕಾಗಿರುತ್ತದೆ! ಮುಖ್ಯ ಅತಿಥಿಗಳು ರೈಲು ತಪ್ಪಿ ಬಾರದೇ ಹೋದರೂ ವರದಿಯಲ್ಲಿ ಅವರ ಭಾಷಣ ಇದ್ದೇ ಇರುತ್ತದೆ. ಇದು ನಗುವ ವಿಷಯ ಎಂದು ಬಿಟ್ಟುಬಿಡಬಹುದು. ಆದರೆ ಇದೇ ಯಂತ್ರ ನಾಳೆ ಮಹಾನಗರಪಾಲಿಕೆಯ ಸಭೆಯ ವರದಿಯನ್ನು, ವಿಧಾನಸಭೆಯ ಕಲಾಪವನ್ನು, ಬ್ಯಾಂಕೊಂದರ ಪರಿಸ್ಥಿತಿಯನ್ನು ಹೀಗೆಯೇ ಕುಳಿತಲ್ಲಿಂದ ಬರೆಯತೊಡಗಿದರೆ ಆಗ ನಗು ಮಾಯವಾಗುತ್ತದೆ.

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಲೆಡ್ಜರಿನಲ್ಲಿ ಎಷ್ಟೇ ಅಂದವಾದ ಅಕ್ಷರದಲ್ಲಿ ಎಂಟ್ರಿ ಇರಲಿ, ಅದರ ಹಿಂದೆ ವೋಚರ್ ಇಲ್ಲದಿದ್ದರೆ ಅದಕ್ಕೆ ಬೆಲೆ ಇಲ್ಲ. ವೋಚರಿನ ಮೇಲೆ ಬರೆದವನ ಸಹಿ, ಪಾಸ್ ಮಾಡಿದ ಅಧಿಕಾರಿಯ ಸಹಿ, ಎರಡೂ ಬೇಕು. ಕಂಪ್ಯೂಟರ್ ಬಂದ ಮೇಲೂ ಒಬ್ಬ ನಮೂದಿಸಿದ್ದನ್ನು ಇನ್ನೊಬ್ಬ ಪರಿಶೀಲಿಸಬೇಕೆಂಬ ನಿಯಮ ಹೋಗಿಲ್ಲ. ಪತ್ರಿಕೋದ್ಯಮವೂ ಹಾಗೆಯೇ ನಡೆದು ಬಂದದ್ದು. ಸ್ಥಳಕ್ಕೆ ಹೋಗಿ ನೋಡಿದ ವರದಿಗಾರ, ಆತನಿಗೆ ಮಾಹಿತಿ ಕೊಟ್ಟ ಮೂಲ, ಅದನ್ನು ಪ್ರಶ್ನಿಸಿ ತಿದ್ದಿದ ಉಪಸಂಪಾದಕ, ಕೊನೆಗೆ ತಪ್ಪಾದರೆ ಹೊಣೆ ಹೊರುವ ಸಂಪಾದಕ, ಇವರೆಲ್ಲ ಸುದ್ದಿಯ ವೋಚರಿನ ಮೇಲಿನ ಸಹಿಗಳು. ಯಂತ್ರ ಬರೆದ ಸುದ್ದಿ ನೋಡಲು ಬಹಳ ಅಂದ. ಆದರೆ ಅದರ ಹಿಂದೆ ವೋಚರ್ ಇಲ್ಲ. ಪ್ರಜಾಪ್ರಭುತ್ವಕ್ಕೆ ಎ.ಐ. ತಂದಿರುವ ಅಪಾಯದ ತಿರುಳು ಇಷ್ಟೇ.

ಬಡ್ಡಿ ಲೆಕ್ಕ ತಪ್ಪಿದ ಯಂತ್ರ

ಈ ಯಂತ್ರ ಕೆಲಸ ಮಾಡುವ ರೀತಿಯನ್ನು ಸರಳವಾಗಿ ತಿಳಿದುಕೊಳ್ಳಬೇಕು. ಪುಸ್ತಕ, ಪತ್ರಿಕೆ, ಅಂತರ್ಜಾಲ ಎಂದು ಈಗಾಗಲೇ ಇರುವ ಕೋಟ್ಯಂತರ ಪುಟಗಳ ಬರಹವನ್ನು ಅದಕ್ಕೆ ಓದಿಸಲಾಗಿದೆ. ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಅಂದಾಜಿನ ಮೇಲೆ ಅದು ವಾಕ್ಯ ಕಟ್ಟುತ್ತದೆ. ಅದು ಸುಳ್ಳು ಹೇಳುತ್ತದೆ ಎನ್ನುವುದಕ್ಕಿಂತ, ಸತ್ಯ ಸುಳ್ಳುಗಳ ಗೊಡವೆಯೇ ಅದಕ್ಕಿಲ್ಲ ಎನ್ನುವುದು ಸರಿ. ಇದ್ದದ್ದನ್ನೂ ಇಲ್ಲದ್ದನ್ನೂ ಒಂದೇ ಆತ್ಮವಿಶ್ವಾಸದಿಂದ ಹೇಳಿಬಿಡುತ್ತದೆ.

ಇದಕ್ಕೆ ಬ್ಯಾಂಕಿನವರೆಲ್ಲ ಮೆಚ್ಚುವಂಥ ಒಂದು ಉದಾಹರಣೆ ಇದೆ. ಅಮೆರಿಕದ ಸಿನೆಟ್ ಎಂಬ ಸುದ್ದಿತಾಣವು ಹಣಕಾಸಿನ ವಿಷಯಗಳ ಲೇಖನಗಳನ್ನು ಯಂತ್ರದಿಂದ ಬರೆಯಿಸಿ ಪ್ರಕಟಿಸುತ್ತಿತ್ತು. 2023ರ ಜನವರಿಯಲ್ಲಿ ಅದರ ಬಣ್ಣ ಬಯಲಾಯಿತು. ಶೇ. 3ರ ಬಡ್ಡಿಯಲ್ಲಿ 10,000 ಡಾಲರ್ ಠೇವಣಿ ಇಟ್ಟರೆ ಮೊದಲ ವರ್ಷದ ಕೊನೆಗೆ 10,300 ಡಾಲರ್ ಗಳಿಸುತ್ತೀರಿ ಎಂದು ಯಂತ್ರ ಬರೆದಿತ್ತು! ಗಳಿಕೆ 300 ಡಾಲರ್ ಮಾತ್ರ ಎಂಬುದು ಏಳನೆಯ ತರಗತಿಯ ಹುಡುಗನಿಗೂ ತಿಳಿಯುತ್ತದೆ. ಕೊನೆಗೆ ಸಂಸ್ಥೆಯೇ ಎಲ್ಲ 77 ಲೇಖನಗಳನ್ನು ಮರುಪರಿಶೀಲಿಸಿದಾಗ 41ರಲ್ಲಿ ತಿದ್ದುಪಡಿ ಬೇಕಾಯಿತು. ಅರ್ಧಕ್ಕಿಂತ ಹೆಚ್ಚು. ಯಾವ ಶಾಖೆಯಲ್ಲಾದರೂ ಅರ್ಧಕ್ಕಿಂತ ಹೆಚ್ಚು ಎಂಟ್ರಿಗಳನ್ನು ತಪ್ಪು ಮಾಡುವ ಗುಮಾಸ್ತನನ್ನು ಕೌಂಟರಿನಲ್ಲಿ ಕೂರಿಸುತ್ತಾರೆಯೇ?

ಆಗ ಯಂತ್ರ ಹೊಸತು, ಈಗ ಸುಧಾರಿಸಿದೆ ಎಂಬ ವಾದವಿದೆ. ಸುಧಾರಿಸಿರುವುದು ನಿಜ. ಆದರೆ 2025ರ ಅಕ್ಟೋಬರಿನಲ್ಲಿ ಯುರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಒಕ್ಕೂಟ ಹಾಗೂ ಬಿಬಿಸಿ ಪ್ರಕಟಿಸಿದ ಅಧ್ಯಯನದ ಫಲಿತಾಂಶ ಬೇರೆಯೇ ಮಾತು ಹೇಳುತ್ತದೆ. 18 ದೇಶಗಳ 22 ಸಂಸ್ಥೆಗಳ ಪತ್ರಕರ್ತರು 14 ಭಾಷೆಗಳಲ್ಲಿ, ಸುದ್ದಿಗೆ ಸಂಬಂಧಿಸಿದ ಪ್ರಶ್ನೆಗಳಿಗೆ ಈ ಯಂತ್ರಗಳು ಕೊಟ್ಟ ಉತ್ತರಗಳನ್ನು ತೂಗಿ ನೋಡಿದರು. ಶೇ. 45ರಷ್ಟು ಉತ್ತರಗಳಲ್ಲಿ ಕನಿಷ್ಠ ಒಂದಾದರೂ ಗಂಭೀರ ದೋಷ ಕಂಡುಬಂತು. ಸುದ್ದಿಯ ಮೂಲವನ್ನು ತಪ್ಪಾಗಿ ತೋರಿಸಿದ ಇಲ್ಲವೇ ತೋರಿಸದೇ ಬಿಟ್ಟ ದೋಷವೇ ಅದರಲ್ಲಿ ಹೆಚ್ಚು. ಅಂದರೆ ವೋಚರಿನ ದೋಷ!

ಇನ್ನು ಯಂತ್ರದ ಮೇಲೆ ಭಾರ ಹಾಕಿ ನಿಶ್ಚಿಂತೆಯಿಂದ ಕುಳಿತ ಹೆಸರಾಂತ ಪತ್ರಿಕೆಗಳ ಪಾಡೂ ನಗೆಪಾಟಲಿಗೆ ಈಡಾಗಿದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಷಿಕಾಗೋ ಸನ್-ಟೈಮ್ಸ್ ಪತ್ರಿಕೆಯೊಂದಿಗೆ ಬಂದ ವಿಶೇಷ ಪುರವಣಿಯಲ್ಲಿ ಬೇಸಿಗೆಯಲ್ಲಿ ಓದಬೇಕಾದ 15 ಪುಸ್ತಕಗಳ ಪಟ್ಟಿ ಇತ್ತು. ಲೇಖಕರ ಹೆಸರುಗಳು ನಿಜ, ಪುಸ್ತಕಗಳಲ್ಲಿ 10 ಈ ಭೂಮಿಯ ಮೇಲೆ ಇಲ್ಲವೇ ಇಲ್ಲ. ಅದೇ ವರ್ಷ ನವೆಂಬರಿನಲ್ಲಿ ಪಾಕಿಸ್ತಾನದ ಪ್ರತಿಷ್ಠಿತ ಡಾನ್ ಪತ್ರಿಕೆಯ ವಾಣಿಜ್ಯ ಪುಟದಲ್ಲಿ, ವಾಹನ ಮಾರಾಟದ ವರದಿಯ ಕೊನೆಗೆ ‘ಬೇಕಾದರೆ ಇದನ್ನೇ ಇನ್ನಷ್ಟು ಆಕರ್ಷಕವಾಗಿ ಬರೆದುಕೊಡಲೇ?’ ಎಂಬರ್ಥದ ಯಂತ್ರದ ಮಾತೂ ಅಚ್ಚಾಗಿ ಹೋಯಿತು. ಪತ್ರಿಕೆ ಓದುಗರ ಕ್ಷಮೆ ಕೋರಿತು. ಕ್ಷಮೆ ಕೋರಿದ್ದು ಪತ್ರಿಕೆಯೇ ಹೊರತು ಯಂತ್ರವಲ್ಲ ಎಂಬುದನ್ನು ಗಮನಿಸಬೇಕು. ಯಂತ್ರಕ್ಕೆ ಕ್ಷಮೆ ಕೇಳುವ ಹೊಣೆಯೂ ಇಲ್ಲ, ಕೆಲಸ ಕಳೆದುಕೊಳ್ಳುವ ಭಯವೂ ಇಲ್ಲ.

1992ರ ಆ ಒಂದು ವರದಿ

ತಪ್ಪುಗಳನ್ನು ನಾಳೆ ತಿದ್ದಬಹುದು. ಬಡ್ಡಿ ಲೆಕ್ಕವನ್ನು ಯಂತ್ರ ಕಲಿತೂ ಬಿಡಬಹುದು. ಒಂದು ಪಕ್ಷ ಅದು ಒಂದೂ ತಪ್ಪಿಲ್ಲದೆ ಬರೆಯುವಂತಾಯಿತು ಎಂದೇ ಇಟ್ಟುಕೊಳ್ಳೋಣ. ಆಗಲಾದರೂ ಅದು ಪತ್ರಕರ್ತನ ಜಾಗದಲ್ಲಿ ಕೂರಬಲ್ಲದೇ? ಮುಂಬಯಿಯ ಬ್ಯಾಂಕ್ ನೌಕರರು ಇಂದಿಗೂ ಮರೆಯದ ಒಂದು ಪ್ರಕರಣ ಇದಕ್ಕೆ ಉತ್ತರ ಕೊಡುತ್ತದೆ.

1992ರ ಆರಂಭದ ತಿಂಗಳುಗಳಲ್ಲಿ ದಲಾಲ್ ಸ್ಟ್ರೀಟಿನಲ್ಲಿ ಹರ್ಷದ್ ಮೆಹ್ತಾನ ಹೆಸರೇ ಹೆಸರು. ‘ಬಿಗ್ ಬುಲ್’ ಎಂದು ಪತ್ರಿಕೆಗಳು ಕೊಂಡಾಡುತ್ತಿದ್ದವು. ಆತನ ಕಾರು, ಆತನ ಮನೆ, ಆತ ಕೈಯಿಟ್ಟ ಶೇರುಗಳ ಏರಿಕೆ ಎಲ್ಲವೂ ಸುದ್ದಿ. ಆಫೀಸಿನ ಜವಾನರಿಂದ ಹಿಡಿದು ಹೋಟೆಲಿನ ಕ್ಯಾಷಿಯರ್ ತನಕ ಎಲ್ಲರೂ ಶೇರಿನ ಮಾತೇ ಆಡುತ್ತಿದ್ದ ದಿನಗಳವು. ಆ ವರ್ಷದ ಏಪ್ರಿಲ್ 23ರಂದು ಟೈಮ್ಸ್ ಆಫ್ ಇಂಡಿಯಾದಲ್ಲಿ ಸುಚೇತಾ ದಲಾಲ್ ಬರೆದ ವರದಿಯೊಂದು ಪ್ರಕಟವಾಯಿತು. ಸ್ಟೇಟ್ ಬ್ಯಾಂಕಿನ ಸರ್ಕಾರಿ ಸಾಲಪತ್ರಗಳ ಲೆಕ್ಕದಲ್ಲಿ ಸುಮಾರು 500 ಕೋಟಿ ರೂಪಾಯಿ ಹೊಂದಿಕೆಯಾಗುತ್ತಿಲ್ಲ, ಬ್ಯಾಂಕು ಅದನ್ನು ಭರ್ತಿ ಮಾಡುವಂತೆ ದಲ್ಲಾಳಿಗೆ ಹೇಳಿದೆ ಎಂಬುದು ಅದರ ಸಾರ. ಆ ನಂತರ ನಡೆದದ್ದು ಇತಿಹಾಸ. ಶೇರುಪೇಟೆ ಕುಸಿಯಿತು. ರಿಸರ್ವ್ ಬ್ಯಾಂಕ್ ನೇಮಿಸಿದ ಜಾನಕಿರಾಮನ್ ಸಮಿತಿ ಸುಮಾರು 4,000 ಕೋಟಿ ರೂಪಾಯಿಗಳ ಅವ್ಯವಹಾರವನ್ನು ಲೆಕ್ಕ ಹಾಕಿತು. ಸಂಸತ್ತಿನ ಜಂಟಿ ಸಮಿತಿ ರಚನೆಯಾಯಿತು. ಸಣ್ಣ ಬ್ಯಾಂಕುಗಳು ಬರೆದುಕೊಟ್ಟ ಬ್ಯಾಂಕ್ ರಸೀದಿಗಳ ಹಿಂದೆ ಸಾಲಪತ್ರಗಳೇ ಇರಲಿಲ್ಲ ಎಂಬುದು ಜಗಜ್ಜಾಹೀರಾಯಿತು.

ಸುಚೇತಾ ದಲಾಲ್ ಬೆಳಗಾವಿಯಲ್ಲಿ ಶಾಲೆ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಪದವಿ ಓದಿದವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. 2006ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಈಗ ಒಂದು ಪ್ರಶ್ನೆ. 1992ರ ಮಾರ್ಚ್ ತಿಂಗಳಲ್ಲಿ ಈಗಿನಂತಹ ಎ.ಐ. ಇದ್ದು, ಯಾರಾದರೂ ಹರ್ಷದ್ ಮೆಹ್ತಾನ ಬಗ್ಗೆ ಕೇಳಿದ್ದರೆ ಅದು ಏನು ಹೇಳುತ್ತಿತ್ತು? ಅಲ್ಲಿಯವರೆಗೆ ಅಚ್ಚಾದದ್ದನ್ನೆಲ್ಲ ಓದಿ, ಅದರ ಸಾರ ತೆಗೆದು, ಈತ ಶೇರುಪೇಟೆಯ ಮಹಾ ಜಾಣ ಎಂದೇ ಹೇಳುತ್ತಿತ್ತು. ಅದರಲ್ಲಿ ಒಂದು ಅಕ್ಷರವೂ ತಪ್ಪಿರುತ್ತಿರಲಿಲ್ಲ. ಏಕೆಂದರೆ ನಿಜವಾದ ಸುದ್ದಿ ಆಗ ಯಾವ ಕಾಗದದಲ್ಲೂ ಅಚ್ಚಾಗಿರಲಿಲ್ಲ. ಅದು ಬ್ಯಾಂಕಿನೊಳಗಿನ ಕೆಲವು ಮನುಷ್ಯರ ಮನಸ್ಸಿನಲ್ಲಿ ಕುದಿಯುತ್ತಿತ್ತು. ಅದನ್ನು ಹೇಳಲು ಅವರಿಗೆ ನಂಬಿಕೆಯ ಇನ್ನೊಬ್ಬ ಮನುಷ್ಯರು ಬೇಕಿತ್ತು. ತನ್ನ ಹೆಸರು ಹೊರಬೀಳದು ಎಂಬ ಭರವಸೆ ಬೇಕಿತ್ತು. ಕೇಳಿದವರಿಗೆ ಅದನ್ನು ನಾಲ್ಕು ಕಡೆ ಪರಿಶೀಲಿಸಿ ಅಚ್ಚು ಹಾಕುವ ಧೈರ್ಯ ಬೇಕಿತ್ತು. ಎಲ್ಲರೂ ಹೇಳಿದ್ದನ್ನು ಒಟ್ಟುಗೂಡಿಸಿ ಹೇಳುವುದು ಯಂತ್ರದ ಕೆಲಸ. ಯಾರೂ ಹೇಳದೆ ಇದ್ದದ್ದನ್ನು ಹೊರಗೆ ತರುವುದು ಪತ್ರಕರ್ತರ ಕೆಲಸ. ಪ್ರಜಾಪ್ರಭುತ್ವ ನಿಂತಿರುವುದು ಈ ಎರಡನೆಯ ಕೆಲಸದ ಮೇಲೆ.

ಬಿತ್ತನೆ ಬೀಜವನ್ನೇ ತಿಂದರೆ

ಆದರೆ ಈ ಎರಡನೆಯ ಕೆಲಸಕ್ಕೆ ಖರ್ಚಿದೆ. ವರದಿಗಾರನಿಗೆ ಸಂಬಳ, ಪ್ರಯಾಣ ಭತ್ಯೆ, ತಿಂಗಳುಗಟ್ಟಲೆ ಒಂದೇ ವಿಷಯದ ಬೆನ್ನು ಹತ್ತುವ ಸಮಯ, ಮೊಕದ್ದಮೆ ಬಿದ್ದರೆ ವಕೀಲರ ಶುಲ್ಕ ಎಲ್ಲ ಬೇಕು. ಪತ್ರಿಕೆಯ ಮುಖಬೆಲೆ ಕಾಗದದ ಖರ್ಚಿಗೂ ಸಾಲದು ಎಂಬುದು ಎಲ್ಲರಿಗೂ ತಿಳಿದದ್ದೇ. ಜಾಹೀರಾತಿನಿಂದ ಆ ಕೊರತೆ ತುಂಬುತ್ತಿತ್ತು. ಜಾಹೀರಾತು ಅಂತರ್ಜಾಲಕ್ಕೆ ಹೋದಾಗ ಪತ್ರಿಕೆಗಳೂ ಅಂತರ್ಜಾಲಕ್ಕೆ ಹೋದವು. ಓದುಗ ಹುಡುಕಿಕೊಂಡು ಬಂದರೆ ನಾಲ್ಕು ಕಾಸು ಹುಟ್ಟುತ್ತಿತ್ತು. ಈಗ ಗೂಗಲಿನಲ್ಲಿ ಹುಡುಕಿದಾಗ ಹಲವು ಸಲ ಎಲ್ಲಕ್ಕಿಂತ ಮೇಲೆ ಎ.ಐ. ಸಾರಾಂಶವೇ ಬಂದು ಕೂರುತ್ತದೆ. ಮೂಲ ಪತ್ರಿಕೆಯ ಬಾಗಿಲಿಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾರಾಂಶ ಕಾಣಿಸದಿದ್ದಾಗ ಶೇ. 15ರಷ್ಟು ಸಲ ಜನ ಹುಡುಕಾಟದಲ್ಲಿ ಬಂದ ಕೊಂಡಿಯೊಂದನ್ನು ಒತ್ತುತ್ತಿದ್ದರು. ಸಾರಾಂಶ ಕಾಣಿಸಿದಾಗ ಅದು ಶೇ. 8ಕ್ಕೆ ಇಳಿಯಿತು.

ಒಬ್ಬರು ಬಿಸಿಲಲ್ಲಿ ಅಲೆದು ತಂದ ಸುದ್ದಿಯನ್ನು ಇನ್ನೊಬ್ಬರ ಯಂತ್ರ ನುಂಗಿ, ಅದೇ ಸುದ್ದಿಯನ್ನು ತನ್ನದೆಂಬಂತೆ ಬಡಿಸುವುದು ಯಾವ ನ್ಯಾಯ ಎಂಬ ಪ್ರಶ್ನೆ ಈಗ ಕೋರ್ಟುಗಳ ಮೆಟ್ಟಿಲೇರಿದೆ. ನ್ಯೂಯಾರ್ಕ್ ಟೈಮ್ಸ್ 2023ರ ಡಿಸೆಂಬರಿನಲ್ಲಿ ಚಾಟ್‌ಜಿಪಿಟಿಯ ಒಡೆಯ ಸಂಸ್ಥೆಯಾದ ಓಪನ್‌ಎಐ ಹಾಗೂ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿತು. ಭಾರತದ ಎಎನ್ಐ ಸುದ್ದಿಸಂಸ್ಥೆ 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. 2025ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಸಮಿತಿಯೊಂದು ಎ.ಐ. ಕಂಪೆನಿಗಳು ತಾವು ಬಳಸಿದ ಬರಹಗಳಿಗೆ ಕಡ್ಡಾಯವಾಗಿ ಗೌರವಧನ ತೆರುವ ವ್ಯವಸ್ಥೆಯನ್ನು ಪ್ರಸ್ತಾಪಿಸಿತು.

ದೊಡ್ಡ ಪತ್ರಿಕೆಗಳು ಕೋರ್ಟಿಗೆ ಹೋಗಬಲ್ಲವು. ಹತ್ತು ಹದಿನೈದು ಮಂದಿ ಸೇರಿ ನಡೆಸುವ ಸಣ್ಣ ಪತ್ರಿಕೆ, ಯಾವ ಉದ್ಯಮಿಯ ಹಂಗೂ ಇಲ್ಲದೆ ಚಂದಾ ಹಣದಲ್ಲಿ ನಡೆಯುವ ಸ್ವತಂತ್ರ ಸುದ್ದಿಸಂಸ್ಥೆ ಎಲ್ಲಿಗೆ ಹೋಗಬೇಕು? ಮೊದಲು ಮುಚ್ಚುವುದು ಅವೇ. ವಿಚಿತ್ರವೆಂದರೆ, ವರದಿಗಾರರೆಲ್ಲ ಮನೆಗೆ ಹೋದ ಮೇಲೆ ಯಂತ್ರಕ್ಕೂ ಹೊಸದಾಗಿ ಓದಲು ಏನೂ ಉಳಿಯುವುದಿಲ್ಲ. ಬಿತ್ತನೆಗೆಂದು ಇಟ್ಟ ಬೀಜವನ್ನೇ ಕುಟ್ಟಿ ಅನ್ನ ಮಾಡಿ ಉಂಡ ಮನೆಯ ಕಥೆ ಇದು. ಈ ವರ್ಷ ಹೊಟ್ಟೆ ತುಂಬುತ್ತದೆ, ಮುಂದಿನ ವರ್ಷ ಗದ್ದೆ ಬರಿದು.

ಗದ್ದೆ ಬರಿದಾದರೆ ಏನಾಗುತ್ತದೆ ಎಂಬುದನ್ನು ಮುಂಬಯಿಗರು ಊಹಿಸಿಕೊಳ್ಳುವುದು ಕಷ್ಟವಲ್ಲ. ಬೃಹನ್ಮುಂಬಯಿ ಮಹಾನಗರಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿ 15ರಂದು. ಸುಮಾರು ನಾಲ್ಕು ವರ್ಷ 227 ವಾರ್ಡುಗಳಲ್ಲಿ ಒಬ್ಬನೇ ಒಬ್ಬ ಚುನಾಯಿತ ನಗರಸೇವಕನಿರಲಿಲ್ಲ. ಆಡಳಿತಾಧಿಕಾರಿಯದೇ ಕಾರುಬಾರು. ಗಟಾರ ತುಂಬಿದರೆ, ನೀರು ಬಾರದಿದ್ದರೆ, ರಸ್ತೆ ಅಗೆದು ಹಾಗೆಯೇ ಬಿಟ್ಟರೆ ಸಭೆಯಲ್ಲಿ ಎದ್ದು ನಿಂತು ಕೇಳುವವರಿಲ್ಲ. ಆ ದಿನಗಳಲ್ಲಿ ವಾರ್ಡ್ ಆಫೀಸಿನ ಮೆಟ್ಟಿಲು ಹತ್ತಿ ಪ್ರಶ್ನೆ ಕೇಳುತ್ತಿದ್ದವರು ಸ್ಥಳೀಯ ಪತ್ರಿಕೆಗಳ ವರದಿಗಾರರು ಮತ್ತು ಕೆಲವು ಜಾಗೃತ ನಾಗರಿಕರು. ಅವರೂ ಇಲ್ಲದೇ ಹೋಗಿದ್ದರೆ? ಯಂತ್ರ ವಾರ್ಡ್ ಆಫೀಸಿಗೆ ಹೋಗುವುದಿಲ್ಲ. ಪಾಲಿಕೆ ಹೊರಡಿಸಿದ ಪ್ರಕಟಣೆಯನ್ನೇ ಸುಂದರವಾಗಿ ಬರೆದುಕೊಡುತ್ತದೆ, ಅಷ್ಟೆ.

ಚುನಾವಣೆಗೆ ಎರಡು ದಿನ ಮೊದಲು

ಇದು ಸುದ್ದಿ ಬಾರದೇ ಹೋಗುವ ಅಪಾಯ. ಇನ್ನೊಂದು, ಸುಳ್ಳು ಸುದ್ದಿ ನುಗ್ಗಿ ಬರುವ ಅಪಾಯ. ಯುರೋಪಿನ ಸಣ್ಣ ದೇಶ ಸ್ಲೋವಾಕಿಯಾದಲ್ಲಿ 2023ರ ಸೆಪ್ಟೆಂಬರ್ 30ರಂದು ಸಾರ್ವತ್ರಿಕ ಚುನಾವಣೆ ಇತ್ತು. ಎರಡು ದಿನ ಮೊದಲು ಒಂದು ಧ್ವನಿಮುದ್ರಿಕೆ ಹರಿದಾಡಿತು. ಪ್ರಗತಿಪರ ಪಕ್ಷವೊಂದರ ನಾಯಕ ಮಿಖಾಲ್ ಶಿಮೆಚ್ಕಾ ಮತ್ತು ಡೆನ್ನಿಕ್ ಎನ್ ಎಂಬ ಸ್ವತಂತ್ರ ಪತ್ರಿಕೆಯ ಪತ್ರಕರ್ತೆ ಮೋನಿಕಾ ಟೋಡೋವಾ ಇಬ್ಬರೂ ಚುನಾವಣೆಯಲ್ಲಿ ಅಕ್ರಮ ನಡೆಸುವ ಬಗ್ಗೆ ಮಾತನಾಡುತ್ತಿರುವಂತೆ ಅದರಲ್ಲಿತ್ತು. ಇಬ್ಬರೂ ಅದು ನಕಲಿ ಎಂದರು. ಎ.ಐ. ಬಳಸಿ ತಯಾರಿಸಿದ ಲಕ್ಷಣಗಳು ಅದರಲ್ಲಿವೆ ಎಂದು ತಜ್ಞರೂ ಹೇಳಿದರು. ಆದರೆ ಅಲ್ಲಿ ಮತದಾನಕ್ಕೆ ಮುನ್ನ 48 ಗಂಟೆ ರಾಜಕಾರಣಿಗಳೂ ಮಾಧ್ಯಮಗಳೂ ಮೌನವಾಗಿರಬೇಕೆಂಬ ನಿಯಮ. ಸುಳ್ಳಿಗೆ ನಿಯಮವಿಲ್ಲ, ಸತ್ಯಕ್ಕೆ ಬಾಯಿಕಟ್ಟು! ಚುನಾವಣೆಯಲ್ಲಿ ಆ ಪಕ್ಷ ಎರಡನೆಯ ಸ್ಥಾನ ಪಡೆಯಿತು. ಧ್ವನಿಮುದ್ರಿಕೆಯಿಂದಲೇ ಸೋತಿತು ಎನ್ನಲಾಗದು, ಸೋಲಿಗೆ ಬೇರೆ ಕಾರಣಗಳೂ ಇರಬಹುದು. ಗಮನಿಸಬೇಕಾದದ್ದು ಏನೆಂದರೆ, ಆ ಒಂದೇ ಕಲ್ಲು ರಾಜಕಾರಣಿಯ ಮೇಲೆ ಎಷ್ಟು ಬಿತ್ತೋ ಪತ್ರಕರ್ತೆಯ ಮೇಲೂ ಅಷ್ಟೇ ಬಿತ್ತು. ಸುಳ್ಳನ್ನು ಬಯಲು ಮಾಡಬೇಕಾದವರ ಹೆಸರನ್ನೇ ಮೊದಲು ಕೆಡಿಸುವುದು ಇದರ ತಂತ್ರ.

ಭಾರತದಲ್ಲೂ 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಆಮಿರ್ ಖಾನ್, ರಣವೀರ್ ಸಿಂಗ್ ರಾಜಕೀಯ ಪ್ರಚಾರ ಮಾಡುತ್ತಿರುವಂಥ ನಕಲಿ ವಿಡಿಯೋಗಳು ಹರಿದಾಡಿದವು. ವಿಷಯ ಪೊಲೀಸರವರೆಗೆ ಹೋಯಿತು. ಇದರ ಇನ್ನೊಂದು ಮುಖ ಇನ್ನೂ ಸೂಕ್ಷ್ಮ. 2023ರ ಏಪ್ರಿಲಿನಲ್ಲಿ ತಮಿಳುನಾಡಿನ ಅಂದಿನ ಹಣಕಾಸು ಸಚಿವರದ್ದೆನ್ನಲಾದ ಎರಡು ಧ್ವನಿಮುದ್ರಿಕೆಗಳು ಹೊರಬಂದಾಗ ಅವರು ಅವು ಕೃತಕವಾಗಿ ಸೃಷ್ಟಿಸಿದವು ಎಂದರು. ವಿದೇಶಿ ಪತ್ರಿಕೆಯೊಂದು ತಜ್ಞರಿಗೆ ಒಪ್ಪಿಸಿದಾಗ, ಮೊದಲನೆಯದರ ಬಗ್ಗೆ ಒಮ್ಮತ ಮೂಡಲಿಲ್ಲ. ಎರಡನೆಯದು ಅಸಲಿ ಎಂಬ ಅಭಿಪ್ರಾಯ ಬಂತು. ಸರಿ ತಪ್ಪು ಯಾರದೇ ಇರಲಿ, ಒಂದು ಮಾತು ಸ್ಪಷ್ಟ. ಸುಳ್ಳನ್ನು ನಿಜವೆಂದು ನಂಬಿಸುವುದು ಸುಲಭವಾದ ಹಾಗೆಯೇ ನಿಜವನ್ನು ‘ಅದು ಎ.ಐ.’ ಎಂದು ತಳ್ಳಿಹಾಕುವುದೂ ಸುಲಭವಾಗಿದೆ. ಖೋಟಾ ನೋಟು ಹೆಚ್ಚಾದ ಪೇಟೆಯಲ್ಲಿ ಅಸಲಿ ನೋಟನ್ನೂ ಜನ ಬೆಳಕಿಗೆ ಹಿಡಿದು ಅನುಮಾನದಿಂದ ನೋಡುತ್ತಾರೆ.

ಹಣದ ವಿಷಯದಲ್ಲಂತೂ ಇದು ನೇರವಾಗಿ ಜೇಬಿಗೇ ಕೈಹಾಕುತ್ತದೆ. ಹೂಡಿಕೆಯ ಆಮಿಷವೊಡ್ಡುವ ನಕಲಿ ವಿಡಿಯೋಗಳ ಬಗ್ಗೆ ಎನ್.ಆರ್. ನಾರಾಯಣಮೂರ್ತಿ 2023ರ ಡಿಸೆಂಬರಿನಲ್ಲಿ ಜನರನ್ನು ಎಚ್ಚರಿಸಬೇಕಾಯಿತು. 2024ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ತನ್ನ ಗವರ್ನರ್ ಹೆಸರಿನ ನಕಲಿ ವಿಡಿಯೋಗಳನ್ನು ನಂಬಬೇಡಿ ಎಂದು ಪ್ರಕಟಣೆ ಹೊರಡಿಸಿತು. 2019ರ ಸೆಪ್ಟೆಂಬರಿನಲ್ಲಿ ಪಿಎಂಸಿ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗಿನ ಸ್ಥಿತಿಯನ್ನು ನೆನಪಿಸಿಕೊಳ್ಳಬೇಕು. ಒಂಬತ್ತು ಬ್ಯಾಂಕುಗಳು ಮುಚ್ಚಲಿವೆ ಎಂಬ ವದಂತಿ ಮೊಬೈಲಿನಿಂದ ಮೊಬೈಲಿಗೆ ಹಾರಿ, ರಿಸರ್ವ್ ಬ್ಯಾಂಕೇ ಅದನ್ನು ಅಲ್ಲಗಳೆಯಬೇಕಾಯಿತು. ಅದು ಬರೀ ನಾಲ್ಕು ಸಾಲಿನ ಬರಹದ ವದಂತಿ. ಅದಕ್ಕೆ ಇಂದು ಗವರ್ನರರ ಮುಖ, ಗವರ್ನರರ ಧ್ವನಿ ಅಂಟಿಕೊಂಡು ಬಂದರೆ ಬ್ಯಾಂಕಿನ ಬಾಗಿಲಲ್ಲಿ ಎಷ್ಟುದ್ದದ ಸಾಲು ನಿಲ್ಲುತ್ತದೆ ಎಂಬುದನ್ನು ಯೋಚಿಸಿದರೆ ಸಾಕು.

ಕಾನೂನಿನಿಂದ ಎಷ್ಟು ಸಾಧ್ಯ?

ಸರ್ಕಾರ ಸುಮ್ಮನಿಲ್ಲ. 2026ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ತಿದ್ದುಪಡಿ ತಂದು, ಎ.ಐ.ನಿಂದ ತಯಾರಾದ ದೃಶ್ಯ, ಧ್ವನಿಗಳಿಗೆ ಸ್ಪಷ್ಟ ಗುರುತು ಹಾಕುವುದನ್ನು ಕಡ್ಡಾಯ ಮಾಡಿತು. ಆದೇಶ ಬಂದರೆ ಆಕ್ಷೇಪಾರ್ಹ ವಿಷಯವನ್ನು 3 ಗಂಟೆಗಳೊಳಗೆ ತೆಗೆದುಹಾಕಬೇಕೆಂದೂ ಹೇಳಿತು. ಹಿಂದೆ 36 ಗಂಟೆಗಳ ಅವಕಾಶವಿತ್ತು. ಗುರುತು ಹಾಕುವುದು ಸ್ವಾಗತಾರ್ಹ. ಆದರೆ 3 ಗಂಟೆಗಳಲ್ಲಿ ಸತ್ಯ ಯಾವುದು, ವಿಡಂಬನೆ ಯಾವುದು, ಸರ್ಕಾರಕ್ಕೆ ಮುಜುಗರ ತರುವ ಅಸಲಿ ವರದಿ ಯಾವುದು ಎಂದು ಯಾರು ಪರೀಕ್ಷಿಸುತ್ತಾರೆ? ಭಯಬಿದ್ದು ಎಲ್ಲವನ್ನೂ ಅಳಿಸುವುದೇ ಕಂಪೆನಿಗಳಿಗೆ ಸುಲಭ.

ಸುಳ್ಳು ಯಾವುದು ಎಂದು ತೀರ್ಮಾನಿಸುವ ಅಧಿಕಾರ ಸರ್ಕಾರದ ಕೈಯಲ್ಲೇ ಇರಬೇಕೇ ಎಂಬ ಪ್ರಶ್ನೆಗೆ ಮುಂಬಯಿಯ ಹೈಕೋರ್ಟ್ ಉತ್ತರ ಕೊಟ್ಟಿದೆ. ಕೇಂದ್ರದ ವ್ಯವಹಾರಗಳಿಗೆ ಸಂಬಂಧಿಸಿದ ಸುಳ್ಳು ಸುದ್ದಿಯನ್ನು ಗುರುತಿಸಲು ಸರ್ಕಾರವೇ ಘಟಕವೊಂದನ್ನು ನೇಮಿಸಿಕೊಳ್ಳುವ 2023ರ ನಿಯಮವನ್ನು ಹಾಸ್ಯ ಕಲಾವಿದ ಕುಣಾಲ್ ಕಾಮ್ರಾ, ಸಂಪಾದಕರ ಗಿಲ್ಡ್ ಮೊದಲಾದವರು ಪ್ರಶ್ನಿಸಿದ್ದರು. 2024ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಬಂತು. ಸೆಪ್ಟೆಂಬರಿನಲ್ಲಿ ಮೂರನೆಯ ನ್ಯಾಯಮೂರ್ತಿಗಳು ಆ ನಿಯಮ ಸಂವಿಧಾನಬಾಹಿರ ಎಂದರು, ನಿಯಮ ರದ್ದಾಯಿತು. ಆರೋಪಿಯೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಬಾರದು ಎಂಬುದು ಸಾಮಾನ್ಯ ಜ್ಞಾನ.

ಫೋರ್ಟಿನಲ್ಲಿ ರಿಸರ್ವ್ ಬ್ಯಾಂಕಿನಿಂದ ನಾಲ್ಕು ಹೆಜ್ಜೆ ನಡೆದರೆ ಹಾರ್ನಿಮನ್ ಸರ್ಕಲ್ ಸಿಗುತ್ತದೆ. ಸುತ್ತಮುತ್ತಲ ಬ್ಯಾಂಕುಗಳಲ್ಲಿ ದುಡಿಯುವ ಸಾವಿರಾರು ಕನ್ನಡಿಗರು ದಿನವೂ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ಬಿ.ಜಿ. ಹಾರ್ನಿಮನ್ ಯಾರು ಎಂದು ಎಷ್ಟು ಮಂದಿಗೆ ಗೊತ್ತು? ಆತ ಇಂಗ್ಲಿಷಿನವ, ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕ. ರೌಲತ್ ಕಾಯಿದೆಯನ್ನು ಉಗ್ರವಾಗಿ ವಿರೋಧಿಸಿ ಭಾರತೀಯರ ಪರ ಬರೆದದ್ದಕ್ಕೆ 1919ರ ಏಪ್ರಿಲಿನಲ್ಲಿ, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ನಡೆದ ಅದೇ ತಿಂಗಳಲ್ಲಿ, ಬ್ರಿಟಿಷ್ ಸರ್ಕಾರ ತನ್ನವನನ್ನೇ ಹಡಗು ಹತ್ತಿಸಿ ಗಡೀಪಾರು ಮಾಡಿತು. ಸ್ವಾತಂತ್ರ್ಯಾನಂತರ ಎಲ್ಫಿನ್‌ಸ್ಟನ್ ಸರ್ಕಲ್ ಆತನ ಹೆಸರು ಪಡೆಯಿತು. ಸರ್ಕಾರ ಗಡೀಪಾರು ಮಾಡುವಷ್ಟು ಭಯಪಟ್ಟದ್ದು ಒಬ್ಬ ಮನುಷ್ಯನಿಗೆ, ಆತನ ಸಹಿಗೆ. ಯಂತ್ರಕ್ಕೆ ಯಾವ ಸರ್ಕಾರವೂ ಹೆದರಬೇಕಾಗಿಲ್ಲ. ಅದರ ಒಡೆಯನೊಡನೆ ಮಾತನಾಡಿದರೆ ಮುಗಿಯಿತು.

ಯಂತ್ರದ ಮೇಲೆ ಹಗೆ ಬೇಡ

ಹಾಗೆಂದು ಎ.ಐ. ಅನ್ನು ಬಹಿಷ್ಕರಿಸಬೇಕೆಂದು ಯಾರೂ ಹೇಳಲಾರರು. ಬ್ಯಾಂಕುಗಳಿಗೆ ಕಂಪ್ಯೂಟರ್ ಬಂದಾಗ ಸಂಘಟನೆಗಳು ಮಾಡಿದ ಪ್ರತಿಭಟನೆಯನ್ನು ಕಂಡವರಿಗೆ, ಇಂದು ಲೆಡ್ಜರ್ ಹೊತ್ತು ತಿರುಗುವ ಕಾಲಕ್ಕೆ ಮರಳಲು ಯಾರೂ ಬಯಸುವುದಿಲ್ಲ ಎಂಬುದೂ ಗೊತ್ತು. ಒಂದು ಭಾಷೆಯ ಸುದ್ದಿಯನ್ನು ಇನ್ನೊಂದಕ್ಕೆ ತರಲು, ದೃಷ್ಟಿ ಇಲ್ಲದವರಿಗೆ ಪತ್ರಿಕೆ ಓದಿ ಹೇಳಲು, ಸಾವಿರ ಪುಟದ ಸರ್ಕಾರಿ ವರದಿಯಲ್ಲಿ ಬೇಕಾದ್ದನ್ನು ಹುಡುಕಲು ಯಂತ್ರ ದೊಡ್ಡ ಸಹಾಯಕ. 2016ರ ಪನಾಮಾ ಪೇಪರ್ಸ್ ಪ್ರಕರಣದಲ್ಲಿ ಹಲವಾರು ದೇಶಗಳ ಪತ್ರಕರ್ತರು 1.15 ಕೋಟಿ ದಾಖಲೆಗಳನ್ನು ಜಾಲಾಡಿದರು. ಕಂಪ್ಯೂಟರ್ ಇಲ್ಲದಿದ್ದರೆ ಅದು ಜನ್ಮವಿಡೀ ಮುಗಿಯದ ಕೆಲಸ. ಆದರೆ ದಾಖಲೆ ಹೊರಗೆ ತಂದದ್ದು ಮನುಷ್ಯ, ಕಂಡದ್ದು ನಿಜವೇ ಎಂದು ವಿಚಾರಿಸಿದ್ದು ಮನುಷ್ಯ, ಬರೆದು ಸಹಿ ಹಾಕಿದ್ದೂ ಮನುಷ್ಯ. 2023ರಲ್ಲಿ ಕನ್ನಡದ ಟಿವಿ ವಾಹಿನಿಯೊಂದು ‘ಸೌಂದರ್ಯ’ ಎಂಬ ಯಂತ್ರ ನಿರೂಪಕಿಯನ್ನು ತಂದಾಗ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಸುದ್ದಿ ಓದುವವರು ಯಾರು ಎಂಬುದು ದೊಡ್ಡ ಪ್ರಶ್ನೆಯಲ್ಲ, ಸುದ್ದಿ ತಂದವರು ಯಾರು ಎಂಬುದೇ ಪ್ರಶ್ನೆ.

ಹೊರನಾಡ ಕನ್ನಡಿಗರ ಪಾಲು

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಷಯ ಬೇರೆಯವರಿಗಿಂತ ಹೆಚ್ಚು ಹತ್ತಿರದ್ದು. ಮುಂಬಯಿ ಮಹಾನಗರಪಾಲಿಕೆ ನಡೆಸುವ ಕನ್ನಡ ಮಾಧ್ಯಮ ಶಾಲೆಯ ಮಕ್ಕಳ ಸಮಸ್ಯೆಯನ್ನು ಇಂಗ್ಲಿಷ್ ಪತ್ರಿಕೆ ಬರೆಯುವುದು ಅಪರೂಪ, ಮರಾಠಿ ಪತ್ರಿಕೆಗೆ ಅದು ಮುಖ್ಯವಲ್ಲ, ಬೆಂಗಳೂರಿನ ಪತ್ರಿಕೆಗೆ ಅದು ದೂರದ ಮಾತು. ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಕನ್ನಡಿಗರ ಪಾಡೂ ಇದೇ. ಸ್ಥಳೀಯ ಕನ್ನಡ ಪತ್ರಿಕೆ ಬರೆಯದಿದ್ದರೆ ಆ ವಿಷಯ ಎಲ್ಲಿಯೂ ದಾಖಲಾಗುವುದಿಲ್ಲ. ದಾಖಲಾಗದ್ದು ಯಂತ್ರಕ್ಕೂ ಗೊತ್ತಾಗುವುದಿಲ್ಲ. ಮುಂದೊಂದು ದಿನ ಮೊಮ್ಮಕ್ಕಳು ‘ಮುಂಬಯಿಯಲ್ಲಿ ಕನ್ನಡಿಗರು ಏನು ಮಾಡಿದರು?’ ಎಂದು ಯಂತ್ರವನ್ನು ಕೇಳಿದರೆ ಅದು ಖಾಲಿ ಪುಟ ತೋರಿಸುವ ಬದಲು ಏನೋ ಒಂದನ್ನು ಕಟ್ಟಿ ಹೇಳುತ್ತದೆ. ಅದು ಇನ್ನೂ ಅಪಾಯ.

1843ರಲ್ಲಿ ಮಂಗಳೂರಿನಲ್ಲಿ ಹೆರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದಂದಿನಿಂದ ಕನ್ನಡ ಪತ್ರಿಕೆಗಳು ಓದುಗರ ಚಂದಾ ಮತ್ತು ಪ್ರೀತಿಯ ಮೇಲೆಯೇ ಬದುಕಿವೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರು ಒಂದು ಚಹಾದ ಕಾಸು ಉಳಿಸಿ ಪತ್ರಿಕೆ ಕೊಂಡಿತು. ಇಂದು ಆ ಕುಟುಂಬಗಳ ಕೈಯಲ್ಲಿ ಕಾಸಿಗೆ ಕೊರತೆಯಿಲ್ಲ. ಆದರೆ ಪುಕ್ಕಟೆ ಪಿಡಿಎಫ್ ಬೆಳಿಗ್ಗೆ ಮೊಬೈಲಿಗೆ ಬರಲಿ ಎಂದು ಕಾಯುವವರೇ ಹೆಚ್ಚು. ಪುಕ್ಕಟೆ ಸಿಗುವ ಪಿಡಿಎಫ್‌ನಿಂದ ವರದಿಗಾರನ ಮನೆಯ ಒಲೆ ಉರಿಯುವುದಿಲ್ಲ.

ಸಂಘ ಸಂಸ್ಥೆಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮೊದಲನೆಯದು, ಪ್ರತಿ ಸಂಘವೂ ತನ್ನ ಬಜೆಟಿನಲ್ಲಿ ಕನ್ನಡ ಪತ್ರಿಕೆಗಳ ಚಂದಾ ಹಣಕ್ಕೆ ಒಂದು ಬಾಬ್ತು ಇಡಬೇಕು, ಸದಸ್ಯರೂ ಮನೆಗೊಂದು ಪತ್ರಿಕೆ ತರಿಸಬೇಕು. ಶಾಲು, ಹಾರ, ಸ್ಮರಣಿಕೆಗಳ ಖರ್ಚಿನಲ್ಲಿ ಹತ್ತರಲ್ಲೊಂದು ಪಾಲು ಸಾಕು. ಎರಡನೆಯದು, ಪತ್ರಿಕೆಗೆ ಕಳಿಸುವ ವರದಿಯನ್ನು ಸಮಾರಂಭದಲ್ಲಿ ಕುಳಿತಿದ್ದವರೇ ಬರೆಯಲಿ, ಕೆಳಗೆ ತಮ್ಮ ಹೆಸರು ಹಾಕಲಿ. ಕಾಗುಣಿತ ತಿದ್ದಲು ಯಂತ್ರದ ನೆರವು ಪಡೆದರೆ ಅಡ್ಡಿಯಿಲ್ಲ. ಭಾಷಣಕಾರರು ಆಡದ ಮಾತನ್ನು ಆಡಿಸಬಾರದು. ಮೂರನೆಯದು, ಹಿರಿಯ ನಾಗರಿಕರಿಗಾಗಿ ಯೋಗ, ಆರೋಗ್ಯ ಶಿಬಿರ ನಡೆಸುವಂತೆಯೇ ನಕಲಿ ವಿಡಿಯೋ, ನಕಲಿ ಧ್ವನಿ ಗುರುತಿಸುವ ಬಗ್ಗೆ ಒಂದು ಭಾನುವಾರ ಮೀಸಲಿಡಲಿ. ನಾಲ್ಕನೆಯದು, ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಸುದ್ದಿ ಹಾಕಿದರೆ ‘ಇದರ ಮೂಲ ಯಾವುದು?’ ಎಂದು ಕೇಳುವುದು ಅವಮಾನವಲ್ಲ ಎಂಬ ಪರಿಪಾಠ ಬೆಳೆಯಲಿ. ಬ್ಯಾಂಕಿನಲ್ಲಿ ಮ್ಯಾನೇಜರ್ ವೋಚರ್ ಕೇಳಿದರೆ ಯಾವ ಗುಮಾಸ್ತನೂ ಸಿಟ್ಟಾಗುವುದಿಲ್ಲ. ಅದು ಪದ್ಧತಿ.

ಪತ್ರಿಕೆಗಳ ಮೇಲೂ ಹೊಣೆ ಇದೆ. ಯಂತ್ರದ ಸಹಾಯ ಪಡೆದ ಬರಹವಾದರೆ ಹಾಗೆಂದು ಹೇಳಬೇಕು. ತಪ್ಪಾದರೆ ಮರುದಿನ ಅದೇ ಪುಟದಲ್ಲಿ ತಿದ್ದುಪಡಿ ಬರಬೇಕು. ವರದಿಗಾರನನ್ನು ಮನೆಗೆ ಕಳಿಸಿ ಯಂತ್ರವನ್ನು ತಂದು ಕೂರಿಸಿದರೆ ಓದುಗರ ಚಂದಾ ಕೇಳುವ ನೈತಿಕ ಹಕ್ಕೂ ಹೋಗುತ್ತದೆ.

ಬ್ಯಾಂಕು ನಿಂತಿರುವುದು ತಿಜೋರಿಯ ಹಣದ ಮೇಲಲ್ಲ, ಠೇವಣಿದಾರರ ನಂಬಿಕೆಯ ಮೇಲೆ. ಪ್ರಜಾಪ್ರಭುತ್ವವೂ ಹಾಗೆಯೇ. ಮತ ಹಾಕುವವನಿಗೆ ತನಗೆ ತಲುಪಿದ ಸುದ್ದಿಯಲ್ಲಿ ಇಷ್ಟಾದರೂ ನಿಜವಿದೆ ಎಂಬ ನಂಬಿಕೆ ಹೋದ ದಿನ ಮತಗಟ್ಟೆ ಇರುತ್ತದೆ, ಮತಯಂತ್ರ ಇರುತ್ತದೆ, ಬೆರಳಿಗೆ ಶಾಯಿಯೂ ಇರುತ್ತದೆ, ತೀರ್ಮಾನ ಮಾತ್ರ ಬೇರೆ ಯಾರದ್ದೋ ಆಗಿರುತ್ತದೆ. ಆ ದಿನ ಬಾರದಂತೆ ತಡೆಯಲು ಸುದ್ದಿ ತರುವ ಮನುಷ್ಯ ಉಳಿಯಬೇಕು. ಆತ ಉಳಿಯುವುದು ಬಿಡುವುದು, ತಿಂಗಳ ಕೊನೆಗೆ ಪತ್ರಿಕೆಯ ಬಿಲ್ಲು ತೆರುವ ಓದುಗರ ಕೈಯಲ್ಲಿದೆ.